ಶ್ರಾವಣದ ಮೂರನೇ ದಿನ

"ಶ್ರಾವಣದಲ್ಲಿ ಒಂದು ತೊಟ್ಟು ಮುಟ್ಟುದಿಲ್ಲ ಮಾರಾಯ್ರೆ. ತಿಂಗಳು ಪೂರ್ತಿ. ಚಟ ಇದ್ದವನಿಗೆ ಹಾಗೆ ಬಿಡ್ಲಿಕ್ಕೆ ಆಗ್ತದಾ, ನೀವೇ ಹೇಳಿ."

ಇದನ್ನು ಹೇಳಿದವರು ಪುಣೆಯ ಖರಾಡಿಯಲ್ಲಿ ಉಡುಪಿ ಹೋಟೆಲು ನಡೆಸುವ ಒಬ್ಬ ಧಣಿ. ಕೇಳಿಸಿಕೊಂಡವಳು ನಾನು, ಆಸ್ಪತ್ರೆಯೊಂದರ ವ್ಯಸನಮುಕ್ತಿ ವಿಭಾಗದ ನರ್ಸ್. ಈ ಮಾತನ್ನು ಹಿಂಜವಾಡಿಯ ಎಂಜಿನಿಯರನ ತಾಯಿಯಿಂದ ಕೇಳಿದ್ದೇನೆ, ತಳೇಗಾಂವದ ಫಿಟ್ಟರನ ಹೆಂಡತಿಯಿಂದ ಕೇಳಿದ್ದೇನೆ, ಮರಾಠಿಯಲ್ಲಿ, ಹಿಂದಿಯಲ್ಲಿ ಕೇಳಿದ್ದೇನೆ. ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಆಷಾಢದ ಕೊನೆಯ ಮಂಗಳವಾರ ಮತ್ತೊಮ್ಮೆ, ಈ ಸಲ ಕರಾವಳಿಯ ಕನ್ನಡದಲ್ಲಿ ಕೇಳಿದೆ.

ಧಣಿಗಳ ಪಕ್ಕದಲ್ಲಿ ಕೂತಿದ್ದವನು ಅವರ ದೋಸೆ ಮಾಸ್ಟರ್. ನಲವತ್ತು ದಾಟಿದವ. ಹಣೆಗೆ ಗಂಧ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಲಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಕಲೆ. ಅವನ ಹೆಂಡತಿ ಹಿಂದೆ ನಿಂತಿದ್ದಳು, ಹಳೆಯ ಕಾಗದ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡು. ಕುರ್ಚಿ ಖಾಲಿಯಿದ್ದರೂ ಧಣಿಗಳ ಎದುರು ಆಕೆ ಕೂರಲಿಲ್ಲ.

ಅವರು ಕುಡಿತ ಬಿಡಿಸಲು ಬಂದವರೇ ಅಲ್ಲ. ಬಂದದ್ದು ಪಿತ್ತಕ್ಕೆ. ಪ್ರತಿ ಶ್ರಾವಣದಲ್ಲಿ ಉಪವಾಸ ಮಾಡಿ ಮಾಸ್ಟರ್‌ಗೆ ಪಿತ್ತ ನೆತ್ತಿಗೇರುತ್ತದೆ, ತಲೆ ತಿರುಗಿ ಬೀಳುತ್ತಾನೆ, ಈ ಸಲ ಮುಂಚಿತವಾಗಿಯೇ ಒಂದು ಟಾನಿಕ್ ಬರೆಸಿಕೊಂಡು ಹೋಗೋಣ ಎಂದು ಜನರಲ್ ಮೆಡಿಸಿನ್‌ಗೆ ಹೋಗಿದ್ದರು. ಅಲ್ಲಿಯ ಡಾಕ್ಟರು ಕಾಗದ ನೋಡಿ ನಮ್ಮ ವಿಭಾಗದ ಹೆಸರು ಗೀಚಿ ಕಳಿಸಿದ್ದರು. ಧಣಿಗಳಿಗೆ ಅದೇ ಸಿಟ್ಟು.

"ನಮ್ಮದು ದೇವರ ಪಟದ ಎದುರು ಕಾಯಿ ಒಡೆದು ಬಾಗಿಲು ತೆಗೆಯುವ ಹೋಟೆಲು ಸಿಸ್ಟರ್. ನಮ್ಮ ಮಾಸ್ಟರ್‌ನನ್ನು ಕುಡುಕರ ಸಾಲಿನಲ್ಲಿ ಕೂರಿಸ್ತೀರಲ್ಲ."

"ಕುಡಿಯೋದಿಲ್ಲೇನ್ರಿ ಇವರು?" ಎಂದೆ. ನಾನು ಧಾರವಾಡದ ಕಡೆಯವಳು, ಪುಣೆಗೆ ಬಂದು ಎಷ್ಟು ವರ್ಷವಾದರೂ ನಾಲಗೆ ತಿರುಗಿಲ್ಲ.

"ಕುಡಿತಾನೆ. ಯಾರು ಕುಡಿಯುದಿಲ್ಲ? ಒಲೆಯ ಎದುರು ನಿಲ್ಲುವವ, ಮೈಕೈ ನೋವಿಗೆ ಸ್ವಲ್ಪ. ಆದರೆ ಶ್ರಾವಣದಲ್ಲಿ ಇಲ್ಲ." ಮತ್ತೆ ಅಲ್ಲಿಗೇ ಬಂದರು.

ಚೀಲದಲ್ಲಿದ್ದ ಕೇಸ್ ಪೇಪರುಗಳನ್ನು ಮೇಜಿನ ಮೇಲೆ ವರ್ಷದ ಪ್ರಕಾರ ಹರವಿದೆ. ಮೂರು ವರ್ಷ, ಮೂರು ಬೇರೆ ಬೇರೆ ಆಸ್ಪತ್ರೆಯ ಕ್ಯಾಜುವಲ್ಟಿ. ಮೊದಲನೆಯದರಲ್ಲಿ ಕೈ ನಡುಕ, ವಾಂತಿ, ಮೈಯೆಲ್ಲ ಬೆವರು. ಎರಡನೆಯದರಲ್ಲಿ ಒಂದು ಫಿಟ್ಸ್. ಮೂರನೆಯದರಲ್ಲಿ ಎರಡು ಫಿಟ್ಸ್, ಕಾದ ಕಾವಲಿಯ ಮೇಲೆ ಬಿದ್ದು ಕೈ ಸುಟ್ಟದ್ದು, ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ 'ಅಪಸ್ಮಾರ'. ಮೊಬೈಲಿನಲ್ಲಿ ಹಿಂದಿನ ವರ್ಷಗಳ ಪಂಚಾಂಗ ತೆರೆದು ತಾರೀಕು ಹೊಂದಿಸಿ ನೋಡಿದೆ. ಒಂದು ಶ್ರಾವಣದ ಎರಡನೇ ದಿನ, ಉಳಿದೆರಡು ಮೂರನೇ ದಿನ.

ನನ್ನ ತಲೆ ಕೆಟ್ಟದ್ದು ಅದಕ್ಕಲ್ಲ. ಮೂರೂ ಕಾಗದಗಳಲ್ಲಿ 'ಮದ್ಯಪಾನ' ಎಂಬ ಕಾಲಮ್ಮಿನ ಎದುರು 'ಇಲ್ಲ' ಎಂದು ಬರೆದಿತ್ತು. ಮೂರು ಆಸ್ಪತ್ರೆ, ಮೂವರು ಡಾಕ್ಟರು, ಮೂರು 'ಇಲ್ಲ'.

"ಇದನ್ನ ಯಾರು ಹೇಳಿದ್ರಿ?" ಎಂದು ಹೆಂಡತಿಯನ್ನು ಕೇಳಿದೆ.

"ನಾನೇ ಹೇಳಿದ್ದು ಸಿಸ್ಟರ್. ಕುಡಿತಾರಾ ಅಂತ ಕೇಳಿದ್ರು. ಇಲ್ಲ, ಬಿಟ್ಟಿದ್ದಾರೆ ಅಂದೆ. ಶ್ರಾವಣ ಅಲ್ವಾ? ಸುಳ್ಳು ಹೇಳ್ಲಿಲ್ಲ."

ಆಕೆ ಸುಳ್ಳು ಹೇಳಿರಲಿಲ್ಲ, ನಿಜ. ಬಿಟ್ಟಿದ್ದ. ಬಿಟ್ಟದ್ದಕ್ಕೇ ಬಿದ್ದಿದ್ದ. ವರ್ಷದ ಹನ್ನೊಂದು ತಿಂಗಳು ದಿನವೂ ಹೆಂಡದಲ್ಲಿ ನೆನೆದ ಮಿದುಳಿಗೆ ಅಮಾವಾಸ್ಯೆಯ ಮರುದಿನ ಒಮ್ಮೆಗೇ ಅದನ್ನು ನಿಲ್ಲಿಸಿದರೆ ಅದು ಕೆರಳುತ್ತದೆ. ಮೊದಲು ನಡುಕ, ಆಮೇಲೆ ಫಿಟ್ಸ್, ಎರಡು ಮೂರು ದಿನಕ್ಕೆ ಇಲ್ಲದ್ದೆಲ್ಲ ಕಾಣಿಸುವುದು. ವರ್ಷ ವರ್ಷ ಹೀಗೆ ಮಾಡಿದರೆ ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಜೋರು. ಇದು ಪಿತ್ತವೂ ಅಲ್ಲ, ಉಪವಾಸದ ಸುಸ್ತೂ ಅಲ್ಲ. ಸಾಯುವವರೂ ಇದ್ದಾರೆ.

"ಹೋದ ವರ್ಷ ಏನಾದ್ರೂ ಕಂಡಿತ್ತೇನು ನಿಮಗ?" ಎಂದು ಮಾಸ್ಟರ್‌ನನ್ನು ಕೇಳಿದೆ. ಉತ್ತರ ಕೊಟ್ಟವರು ಧಣಿ.

"ಅದೊಂದು ಕತೆ. ಹಿಟ್ಟಿನಲ್ಲಿ ಇರುವೆ ಓಡ್ತಾ ಉಂಟು ಅಂತ ದೊಡ್ಡ ಪಾತ್ರೆ ಹಿಟ್ಟು ಪೂರ್ತಿ ಮೋರಿಗೆ ಸುರಿದ. ನಾವು ನೋಡಿದ್ರೆ ಒಂದು ಇರುವೆ ಇಲ್ಲ. ಆ ದಿನ ಖರಾಡಿಯ ಐಟಿಯವರಿಗೆಲ್ಲ ಬರೇ ಉಪ್ಪಿಟ್ಟು."

ಹಿಟ್ಟು ಹೋದದ್ದು ಅವರಿಗೆ ಇನ್ನೂ ನೆನಪಿತ್ತು. ಎಷ್ಟು ಕುಡಿಯುತ್ತೀರಿ ಎಂದು ಕೇಳಿದೆ. ಮಾಸ್ಟರ್ ಧಣಿಗಳ ಮುಖ ನೋಡಿ, "ಎರಡು ಲೋಟ" ಎಂದ. ಬರೆದುಕೊಂಡೆ. ಇದು ನನ್ನ ತಪ್ಪು, ಇದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಡಾಕ್ಟರು ಮೈಸೂರಿನ ಹುಡುಗ, ಮೂವತ್ತೆರಡು ವರ್ಷ. ಕಾಗದ ನೋಡಿದವರೇ, "ಸಿಸ್ಟರ್, ಇದು ಕ್ಲಾಸಿಕ್. ಅಡ್ಮಿಟ್ ಮಾಡ್ಲೇಬೇಕು. ಆದ್ರೆ ಬೆಡ್ ಸೋಮವಾರಕ್ಕೆ ಮುಂಚೆ ಆಗಲ್ಲ" ಎಂದರು. ಶ್ರಾವಣಕ್ಕೆ ಮುಂಚಿನ ಅಮಾವಾಸ್ಯೆಯನ್ನು ಪುಣೆಯ ಜನ ಗಟಾರಿ ಎಂದು ಕರೆದು, ಒಂದು ತಿಂಗಳಿನದನ್ನು ಒಂದೇ ದಿನ ಕುಡಿಯುತ್ತಾರೆ. ಆ ವಾರ ನಮ್ಮಲ್ಲಿ ಮಂಚಕ್ಕೆ ಹಾಹಾಕಾರ. ಮೆಡಿಸಿನ್ ವಾರ್ಡಿಗೆ ಫೋನ್ ಮಾಡಿದೆ. ಅಲ್ಲಿಯ ಮುಖ್ಯ ಸಿಸ್ಟರ್, ಇಪ್ಪತ್ತು ವರ್ಷ ಅನುಭವದ ಹೆಂಗಸು, "ನಿಮ್ಮ ಬೇವಡಾ ಕುಡುಕರನ್ನು ನೀವೇ ಇಟ್ಟುಕೊಳ್ಳಿ" ಎಂದು ಮರಾಠಿಯಲ್ಲಿ ಹೇಳಿ ಫೋನ್ ಇಟ್ಟಳು. ಹೊರಗಿನವರಿಗೆ ತಿಳಿಸಿ ಹೇಳಬಹುದು, ನಮ್ಮದೇ ಬಿಳಿ ಬಟ್ಟೆಯವರಿಗೆ ಯಾರು ಹೇಳಬೇಕು?

ಗುರುವಾರ ಅಮಾವಾಸ್ಯೆ, ಶುಕ್ರವಾರ ಶ್ರಾವಣ, ಸೋಮವಾರ ಮಂಚ. ನಡುವಿನ ಮೂರು ದಿನವೇ ಪ್ರಶ್ನೆ. ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಸೋಮವಾರದವರೆಗೆ ಈಗ ಎಷ್ಟು ಕುಡಿಯುತ್ತಾನೋ ಅಷ್ಟೇ ಕುಡಿಯಲಿ, ಹೆಚ್ಚೂ ಬೇಡ, ನಿಲ್ಲಿಸುವುದಂತೂ ಬೇಡವೇ ಬೇಡ. ಹೊತ್ತಿಗೆ ಸರಿಯಾಗಿ ಹಂಚಿಕೊಂಡು ಕುಡಿಯಲಿ, ಊಟ ಬಿಡದಿರಲಿ, ಥಯಾಮಿನ್ ಎಂಬ ವಿಟಮಿನ್ ಮಾತ್ರೆ ಇವತ್ತೇ ಶುರುವಾಗಲಿ. ಏನಾದರೂ ಏರುಪೇರಾದರೆ ನೇರ ಕ್ಯಾಜುವಲ್ಟಿ.

ಅದನ್ನು ಕನ್ನಡದಲ್ಲಿ ತಿಳಿಸಿ ಹೇಳುವ ಭಾಗ್ಯ ನನ್ನದು. ಹೇಳಿದೆ. ಧಣಿಗಳು ಎದ್ದೇ ನಿಂತರು.

"ಎಂತ ಆಸ್ಪತ್ರೆ ಸಿಸ್ಟರ್ ಇದು? ಬೋರ್ಡಿನಲ್ಲಿ ವ್ಯಸನಮುಕ್ತಿ. ಒಳಗೆ ಬಂದ್ರೆ ಶ್ರಾವಣದಲ್ಲಿ ಕುಡಿ ಅಂತ ಹೇಳಿ ಕಳಿಸ್ತೀರಿ."

ಆಗ ಮಾಸ್ಟರ್ ಬಾಯಿ ತೆರೆದ. "ಹದಿನಾಲ್ಕು ವರ್ಷ ಆಯ್ತು ಸಿಸ್ಟರ್ ನಾನು ಪುಣೆಗೆ ಬಂದು. ಒಂದು ಶ್ರಾವಣವನ್ನೂ ಮುರಿದವ ಅಲ್ಲ. ಉಳಿದ ದಿನ ನಾನು ಎಂತ ಅಂತ ನನಗೆ ಗೊತ್ತುಂಟು. ಈ ಒಂದು ತಿಂಗಳು ನಾನು ಮನುಷ್ಯ. ಅದನ್ನೂ ಬಿಡು ಅಂತೀರಾ?"

ಮೂವರೂ ಹೊರಟುಹೋದರು. ಥಯಾಮಿನ್ ಚೀಟಿಯನ್ನು ಹೆಂಡತಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಕೆಯ ಫೋನ್ ನಂಬರು ನನ್ನ ಬಳಿ ಉಳಿಯಿತು.

ಎರಡು ದಿನ ಅವನ ಮಾತು ನನ್ನನ್ನು ಕಾಡಿತು. ಅದರಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಗುರುವಾರ ಮಧ್ಯಾಹ್ನದ ಪಾಳಿ ಅದಲುಬದಲು ಮಾಡಿಕೊಂಡು ಖರಾಡಿಗೆ ಹೋದೆ. ನಾವು ರೋಗಿಗಳ ಬೆನ್ನು ಹತ್ತಿ ಹೋಗುವುದಿಲ್ಲ, ಹೋಗಬಾರದು ಎಂಬ ನಿಯಮವೇ ಇದೆ. ಡಾಕ್ಟರಿಗೆ ಹೇಳಿಯೇ ಹೋದೆ. "ನಾನು ಕೇಳಿಸ್ಕೊಳ್ಳಲಿಲ್ಲ ಸಿಸ್ಟರ್" ಎಂದರು.

ಮೂರು ಗಂಟೆಗೆ ಊಟದ ಗಿರಾಕಿ ಮುಗಿದು ಸಂಜೆಯದು ಶುರುವಾಗಿರಲಿಲ್ಲ. ಕೆಲಸದವರ ಕೋಣೆ ಹೋಟೆಲಿನ ಹಿಂಬದಿಗೆ. ಅಲ್ಲೇ ಮಾಸ್ಟರ್ ಮತ್ತು ಹೆಂಡತಿಯ ವಾಸ. ಧಣಿಗಳು ಗಲ್ಲಾ ಬಿಟ್ಟು ಹಿಂದೆಯೇ ಬಂದರು, ಆದರೂ ಕಾಫಿ ತರಿಸಿದರು. ನಾನು ಕೇಳಿದ್ದು ಒಂದೇ: ಆ ಲೋಟ ತೋರಿಸಿ.

ಹೆಂಡತಿ ಮಂಚದ ಕೆಳಗಿನಿಂದ ತೆಗೆದು ಕೊಟ್ಟಳು. ನಾನು ಮಂಗಳವಾರ ಬರೆದುಕೊಂಡದ್ದು ಕಾಫಿ ಲೋಟವೆಂದು ತಿಳಿದು. ಇದು ಹೋಟೆಲಿನವರು ನೀರು ಕೊಡುವ ಉದ್ದನೆಯ ಸ್ಟೀಲ್ ಲೋಟ. ಪರ್ಸಿನಲ್ಲಿದ್ದ ಔಷಧಿಯ ಅಳತೆ ಕಪ್ಪಿನಿಂದ ನೀರು ಹೊಯ್ದು ಎಣಿಸಿದೆ. ಮುನ್ನೂರು ಎಂಎಲ್ ಹಿಡಿಯಿತು. ಕುಡಿಯುವುದು ದೇಶಿ ದಾರು, ಅದಕ್ಕೆ ಬೆರೆಸುವುದು ಅರ್ಧಕ್ಕಿಂತ ಕಡಿಮೆ ನೀರು.

"ದಿನಕ್ಕ ಎರಡ ಏನ್ರಿ, ಖರೆ ಹೇಳ್ರಿ."

ಮಾಸ್ಟರ್ ಧಣಿಗಳನ್ನು ನೋಡಿದ. "ಧಣಿಗಳು ಹೊರಗೆ ಹೋಗಲಿ" ಎಂದು ನಾನೇ ಹೇಳಿದೆ. ಹೋಗಲಿಲ್ಲ. ಆಗ ಹೆಂಡತಿ ಹೇಳಿದಳು: "ಮೂರು. ಬೆಳಿಗ್ಗೆ ಐದಕ್ಕೆ ಒಂದು, ಒಲೆ ಹಚ್ಚುವ ಮೊದಲು. ಇಲ್ಲದಿದ್ರೆ ಕೈ ನಿಲ್ಲುದಿಲ್ಲ, ಹಿಟ್ಟು ಎಳೀಲಿಕ್ಕೆ ಆಗುದಿಲ್ಲ."

ಧಣಿಗಳ ಮುಖ ನೋಡಬೇಕಿತ್ತು. ತಮ್ಮ ಮಾಸ್ಟರ್‌ನ ಕೈ ಮಿಷನ್ ಇದ್ದ ಹಾಗೆ, ದೋಸೆಯ ಅಂಚು ಕಂಪಾಸಿನಲ್ಲಿ ಎಳೆದ ಹಾಗೆ ಎಂದು ಮಂಗಳವಾರ ನನ್ನೆದುರೇ ಹೊಗಳಿದ್ದರು. ಆ ಕೈ ಯಾವುದರ ಬಲದಿಂದ ನಿಂತಿತ್ತು ಎಂದು ಅವರಿಗೆ ಗೊತ್ತೇ ಇರಲಿಲ್ಲ. ನಾನು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ಹೊಸ ಲೆಕ್ಕ ಹೇಳಿದೆ. ನಾನು ಬರೆದುಕೊಟ್ಟ ಅಳತೆಯನ್ನು ನಂಬಿ ಔಷಧಿ ಕೊಟ್ಟಿದ್ದರೆ ಬೇಕಾದುದರ ಅರ್ಧವೂ ಆಗುತ್ತಿರಲಿಲ್ಲ. ಇಷ್ಟು ವರ್ಷ ಕೆಲಸ ಮಾಡಿ ಲೋಟ ತೋರಿಸಿ ಎಂದು ಕೇಳದ ನನ್ನನ್ನು ನಾನೇ ಬೈದುಕೊಂಡೆ.

ಆಮೇಲೆ ಒಂದು ಗಂಟೆ ಭಾಷಣ ಮಾಡಿದೆ. ಮಿದುಳು, ನರ, ಫಿಟ್ಸ್, ಮೂರನೇ ದಿನ. ಮನೋಬಲ ಇದ್ದವನು ಬಿಡುತ್ತಾನೆ ಎಂದರು ಧಣಿ. ಮನೋಬಲ ಹದಿನಾಲ್ಕು ವರ್ಷದಿಂದ ಇದೆಯಲ್ರಿ, ಅದೇ ಅವನನ್ನು ಕಾವಲಿಗೆ ಕೆಡವಿದ್ದು ಎಂದೆ. ಮದುವೆಯಾದರೆ ಬಿಡುತ್ತಾನೆ ಎಂದು ನಾವೇ ಹೆಣ್ಣು ನೋಡಿ ಮಾಡಿಸಿದೆವು ಎಂದರು. ಆ ಹೆಣ್ಣು ಅಲ್ಲೇ ನಿಂತಿದ್ದಳು. ನಾನು ನಂಬರುಗಳನ್ನು ಹೇಳಿದೆ, ಚಿತ್ರ ಬರೆದು ತೋರಿಸಿದೆ, ಗಂಟಲು ಒಣಗಿತು. ಮಾಸ್ಟರ್ ಎಲ್ಲಕ್ಕೂ ತಲೆ ಅಲ್ಲಾಡಿಸಿ ಕೊನೆಗೆ, "ನಾಳೆ ಶ್ರಾವಣ ಸಿಸ್ಟರ್. ನಾಳೆ ಕುಡಿಯುದು ನನ್ನಿಂದ ಆಗುದಿಲ್ಲ" ಎಂದ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಸುಣ್ಣ ಉದುರಿಸುತ್ತಿತ್ತು.

ನಾನು ಪರ್ಸು ಎತ್ತಿಕೊಂಡೆ. ಆಗ ಹೆಂಡತಿ ಕಾಫಿ ಲೋಟಗಳನ್ನು ಎತ್ತುತ್ತಾ, ಯಾರ ಮುಖವನ್ನೂ ನೋಡದೆ ಮಾತಾಡಿದಳು.

"ಸೋಮವಾರವೂ ಶ್ರಾವಣವೇ ಅಲ್ವಾ? ಶ್ರಾವಣ ಸೋಮವಾರ. ಅದಕ್ಕಿಂತ ಒಳ್ಳೆ ದಿನ ಎಂತ ಉಂಟು? ಆ ದಿನ ವ್ರತ ಹಿಡಿರಿ. ಆಸ್ಪತ್ರೆಯಲ್ಲಿ ಹಿಡಿರಿ."

"ಅದು ಮೋಸ ಆಗ್ತದೆ" ಎಂದ ಮಾಸ್ಟರ್.

"ಹೋದ ವರ್ಷ ಮೂರನೇ ದಿನ ನೀವು ನನ್ನ ಗುರ್ತ ಹಿಡೀಲಿಲ್ಲ. ಯಾರು ನೀನು ಅಂತ ಕೇಳಿದ್ರಿ. ಅದು ವ್ರತವಾ?" ಆಕೆಯ ಧ್ವನಿ ಏರಲಿಲ್ಲ. "ಮೂರು ದಿನದ ತಪ್ಪು ಕಾಣಿಕೆ ನಾನು ಹಾಕ್ತೇನೆ. ನೀವು ಸೋಮವಾರ ಹಿಡಿರಿ."

ನನ್ನ ಒಂದು ಗಂಟೆಯ ಮಿದುಳು ನರಗಳಲ್ಲಿ ಆಗದ್ದು ಅಲ್ಲಿ ಆಯಿತು. ಮಾಸ್ಟರ್ ಸುಟ್ಟ ಕೈಯನ್ನು ನೇವರಿಸುತ್ತ, "ಸೋಮವಾರ ಬೆಳಿಗ್ಗೆ ಎಷ್ಟು ಗಂಟೆಗೆ ಬರ್ಬೇಕು?" ಎಂದು ಕೇಳಿದ. ಅಳತೆ ಕಪ್ಪನ್ನು ಹೆಂಡತಿಯ ಕೈಗೆ ಕೊಟ್ಟು ಬಂದೆ. ದಿನಕ್ಕೆ ನಾಲ್ಕು ಹೊತ್ತು, ಒಟ್ಟು ಈಗಿನ ಮೂರು ಲೋಟದಷ್ಟೇ, ಕೆಲಸಕ್ಕೆ ರಜೆ, ಒಲೆಯ ಹತ್ತಿರ ಹೋಗುವಂತಿಲ್ಲ, ಊಟ ಬಿಡುವಂತಿಲ್ಲ. ಗೋಡೆಯ ಕ್ಯಾಲೆಂಡರಿನ ಮೇಲೆ ಗೆರೆ ಎಳೆದು ಗುರುತು ಹಾಕಿಕೊಳ್ಳಲು ಹೇಳಿದೆ.

ಶುಕ್ರವಾರ ಫೋನ್ ಮಾಡಿದೆ, ಎಲ್ಲ ಸರಿ. ಶನಿವಾರ ಬೆಳಿಗ್ಗೆ ಮಾಡಿದೆ, ಎಲ್ಲ ಸರಿ. ಭಾನುವಾರ ನನಗೆ ರಜೆ. ಬೆಳಿಗ್ಗೆ ಒಂಬತ್ತು ಗಂಟೆಗೆ ರೊಟ್ಟಿ ಬಡಿಯುತ್ತಿದ್ದಾಗ ಹೆಂಡತಿಯ ಫೋನ್ ಬಂತು.

"ಧಣಿಗಳು ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಬಾಟ್ಲಿ ಚೆಲ್ಲಿದ್ರು ಸಿಸ್ಟರ್. ಶ್ರಾವಣ ಶನಿವಾರ, ನನ್ನ ಹೋಟೆಲಿನ ಜಾಗದಲ್ಲಿ ಇದು ಆಗುದಿಲ್ಲ ಅಂದ್ರು. ಇವರೂ ಸರಿ ಅಂದ್ರು. ಲಿಂಬೆ ಶರಬತ್ತು ಕೊಡ್ತಾ ಇದ್ದೇವೆ. ಈಗ ಲೋಟ ಹಿಡೀಲಿಕ್ಕೆ ಆಗುದಿಲ್ಲ ಇವರಿಗೆ. ಅಂಗಿ ಎರಡು ಸಲ ಬದಲಿಸಿದೆ."

ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡೆ. ಇಪ್ಪತ್ತೆರಡು ಗಂಟೆಯ ಮೇಲಾಗಿತ್ತು. ಯಾರನ್ನು ಬಯ್ಯಲಿ? ಆ ಮನುಷ್ಯನಿಗೆ ತನ್ನ ಮಾಸ್ಟರ್ ಮೇಲೆ ಪ್ರೀತಿ ಇಲ್ಲ ಎನ್ನುವಂತಿಲ್ಲ. ಹೋಟೆಲಿನ ದೇವರಿಗೆ ಅಂದು ಎರಡು ಕಾಯಿ ಹೆಚ್ಚಿಗೆ ಒಡೆಸಿದ್ದರಂತೆ, ಮಾಸ್ಟರ್ ಹೆಸರಿನಲ್ಲಿ. ಪ್ರೀತಿಯಿಂದಲೇ ಕೊಲ್ಲಲು ಹೊರಟಿದ್ದರು.

"ಇನ್ನ ಮನಿಯಾಗ ಏನೂ ಕೊಡಬ್ಯಾಡ್ರಿ. ರಿಕ್ಷಾ ಹಿಡೀರಿ, ನೇರ ನಮ್ಮ ಕ್ಯಾಜುವಲ್ಟಿಗೆ. ನಾನೂ ಹೊಂಟೆ" ಎಂದೆ. ಡಾಕ್ಟರಿಗೆ ಫೋನ್ ಮಾಡಿದೆ, ಅವರು ಹೊರಟರು. ನಗರ ರಸ್ತೆಯ ಟ್ರಾಫಿಕ್ಕಿಗೆ ಭಾನುವಾರವೂ ರಜೆ ಇಲ್ಲ. ರಿಕ್ಷಾದಿಂದ ಮಾಸ್ಟರ್‌ನನ್ನು ಇಳಿಸುವಾಗ ನಾಡಿ ನೂರಿಪ್ಪತ್ತೆಂಟು, ಮೈ ತೊಪ್ಪೆ, ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. ಧಣಿಗಳೂ ಬಂದಿದ್ದರು, ಹಿಂದೆಯೇ ಸ್ಕೂಟರಿನಲ್ಲಿ, ಕೈಯಲ್ಲಿ ಎಳನೀರು.

ಕ್ಯಾಜುವಲ್ಟಿಯ ಡಾಕ್ಟರು ಹೊಸಬರು. ಹಣೆಯ ಗಂಧ ನೋಡಿದರು, ಎಳನೀರು ನೋಡಿದರು, "ಉಪವಾಸ ಕಾ?" ಎಂದರು. ಧಣಿಗಳು "ಹೋ, ಶ್ರಾವಣ" ಎಂದು ಮುಂದೆ ಬಂದರು. ಗ್ಲೂಕೋಸ್ ಬಾಟಲಿ ಹಚ್ಚಲು ಹೊರಟಿದ್ದ ಸಿಸ್ಟರನ್ನು ನಾನು ತಡೆದೆ. ಮೊದಲು ಥಯಾಮಿನ್, ಆಮೇಲೆ ಗ್ಲೂಕೋಸ್, ತಪ್ಪಿದರೆ ಮಿದುಳಿಗೇ ಪೆಟ್ಟು. ನನ್ನ ಮೈಮೇಲೆ ಯೂನಿಫಾರ್ಮ್ ಇರಲಿಲ್ಲ, ಸೀರೆಗೆಲ್ಲ ಜೋಳದ ಹಿಟ್ಟು. ನೀವು ಯಾರು ಎಂದು ಆ ಸಿಸ್ಟರ್ ಕೇಳುತ್ತಿರುವಾಗ ಕ್ಯಾಜುವಲ್ಟಿಯ ಡಾಕ್ಟರು ಫಾರ್ಮ್ ಎತ್ತಿಕೊಂಡು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದರು, ಕುಡಿತಾನಾ ಎಂದು.

"ಪೇಶಂಟ್ ದಾರೂ ಪಿತೋ ಕಾ?"

ಧಣಿಗಳು ಬಾಯಿ ತೆರೆದರು. ಹೆಂಡತಿ ಅವರನ್ನು ದಾಟಿ ಮುಂದೆ ಬಂದಳು. ಧಣಿಗಳ ಎದುರು ಕುರ್ಚಿಯಲ್ಲಿ ಕೂರದವಳು.

"ಹೋ. ರೋಜ್ ಪಿತಾತ. ಶೇವಟಚೀ ಕಾಲ್ ಸಕಾಳೀ ದಹಾ ವಾಜತಾ." ಹೌದು, ದಿನಾ ಕುಡಿತಾರೆ, ಕೊನೆಯದು ನಿನ್ನೆ ಬೆಳಿಗ್ಗೆ ಹತ್ತಕ್ಕೆ. ಆಮೇಲೆ ಚೀಲದಿಂದ ಅಳತೆಯ ಕಪ್ಪು ತೆಗೆದು ಮೇಜಿನ ಮೇಲಿಟ್ಟು, ದಿನಕ್ಕೆ ಎಷ್ಟು ಎಂದು ಬೆರಳು ಮಡಚಿ ಲೆಕ್ಕ ಹೇಳಿದಳು.

ಆ ಕಾಲಮ್ಮಿನಲ್ಲಿ ಮೊದಲ ಸಲ 'ಹೌದು' ಬಿತ್ತು. ಡಾಕ್ಟರು ಪೆನ್ನು ಬಿಟ್ಟು ಫಿಟ್ಸ್ ತಡೆಯುವ ಲೋರಾಜೆಪಾಮ್ ಕೇಳಿದರು. ಅದು ಸಿರಿಂಜಿಗೆ ಏರುತ್ತಿರುವಾಗಲೇ ಮಾಸ್ಟರ್‌ಗೆ ಫಿಟ್ಸ್ ಬಂತು. ಅಡ್ಡ ಮಲಗಿಸಿದೆವು, ಇಂಜೆಕ್ಷನ್ ಹೋಯಿತು, ಒಂದು ನಿಮಿಷದೊಳಗೆ ನಿಂತಿತು. ಎರಡನೆಯದು ಬರಲಿಲ್ಲ. ನಮ್ಮ ಡಾಕ್ಟರು ಬಂದು ಕಾಗದ ನೋಡಿ, "ಸಿಸ್ಟರ್, ಈ ಹಿಸ್ಟರಿ ಯಾರು ಕೊಟ್ಟಿದ್ದು?" ಎಂದು ಕೇಳಿದರು. ತೋರಿಸಿದೆ. ಧಣಿಗಳು ಗೋಡೆಗೆ ಒರಗಿ ನಿಂತಿದ್ದರು, ಎಳನೀರು ಇನ್ನೂ ಕೈಯಲ್ಲೇ ಇತ್ತು.

ಆ ದಿನ ಕ್ಯಾಜುವಲ್ಟಿಯ ಟ್ರಾಲಿಯ ಮೇಲೆ, ಸೋಮವಾರದಿಂದ ನಮ್ಮ ಮಂಚದ ಮೇಲೆ. ನಾಲ್ಕು ಗಂಟೆಗೊಮ್ಮೆ ನಾಡಿ, ರಕ್ತದೊತ್ತಡ, ಕೈ ಚಾಚಿಸಿ ನಡುಕ ನೋಡುವುದು, ಇವತ್ತು ಯಾವ ವಾರ ಎಂದು ಕೇಳುವುದು. ಮಂಗಳವಾರ ಹಾಸಿಗೆಯ ಮೇಲೆ ಇರುವೆ ಬಂದವು. ಈ ಸಲ ಅವನು ಕಿರುಚಲಿಲ್ಲ. "ಸಿಸ್ಟರ್, ಇರುವೆ ಕಾಣ್ತಾ ಉಂಟು. ಇಲ್ಲ ಅಂತ ಗೊತ್ತುಂಟು, ಆದರೂ ಕಾಣ್ತಾ ಉಂಟು" ಎಂದ. ಔಷಧಿ ಏರಿಸಿದೆವು. ಗುರುವಾರ ಹೋದವು. ಶುಕ್ರವಾರ ಕೈ ಚಾಚಿಸಿ ಬೆರಳಿನ ಮೇಲೆ ಕಾಗದ ಇಟ್ಟೆ. ಕಾಗದ ಅಲುಗಲಿಲ್ಲ. ಅವನು ಅದನ್ನೇ ನೋಡುತ್ತ ಕೂತ, ಕಣ್ಣಲ್ಲಿ ನೀರು ಇಳಿಯಿತು. ಕುಡಿಯದೆ ಇಷ್ಟು ಬೇಗ ಕೈ ನಿಂತದ್ದನ್ನು ಅವನು ಹಿಂದಿನ ಯಾವ ಶ್ರಾವಣದಲ್ಲೂ ನೋಡಿರಲಿಲ್ಲವಂತೆ.

ಅಂದೇ ಧಣಿಗಳು ಬಂದರು. "ಎಲ್ಲ ಸಾಫ್ ಆಯ್ತಲ್ಲ ಸಿಸ್ಟರ್? ನಾಳೆ ಕರ್ಕೊಂಡು ಹೋಗ್ತೇನೆ."

ಇದು ಮೈ ತೊಳೆದದ್ದು ಅಷ್ಟೇ, ಇನ್ನು ಮುಂದೆ ಅಸಲು ಕೆಲಸ ಎಂದೆ. ವಾರಕ್ಕೊಮ್ಮೆ ಬರಬೇಕು, ಆಸೆ ತಗ್ಗಿಸುವ ಮಾತ್ರೆ ತಿಂಗಳುಗಟ್ಟಲೆ, ಗುಂಪಿನಲ್ಲಿ ಕೂತು ಮಾತಾಡಬೇಕು. "ಮಾತ್ರೆಯೂ ಒಂದು ನಶೆಯೇ ಅಲ್ವಾ?" ಎಂದರು. ನಿಮ್ಮ ಶುಗರಿನ ಮಾತ್ರೆ ಯಾವ ನಶೆ ಎಂದು ಕೇಳಿದೆ. ಅವನನ್ನು ಎರಡು ವಾರ ಪೂರ್ತಿ ನಮ್ಮಲ್ಲೇ ಬಿಟ್ಟರು.

ಶ್ರಾವಣ ಮುಗಿದ ಮರುದಿನ ಮಾಸ್ಟರ್ ಹೊರರೋಗಿ ವಿಭಾಗಕ್ಕೆ ಬಂದ. ಮರಾಠಿ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ನನ್ನ ಮೇಜಿನ ಮೇಲೆ ಇಟ್ಟ. ಬಿಚ್ಚಿದರೆ ವಿಸ್ಕಿ, ಸೀಲ್ ಒಡೆಯದ ಬಾಟಲಿ, ಒಳ್ಳೆಯ ಕಂಪನಿಯದ್ದು.

"ಧಣಿಗಳು ಕೊಟ್ಟರು. ಪ್ರತಿ ವರ್ಷ ಕೊಡ್ತಾರೆ, ವ್ರತ ಮುಗಿಸಿದ್ದಕ್ಕೆ. ಬೇಡ ಅನ್ಲಿಕ್ಕೆ ಆಗ್ಲಿಲ್ಲ. ಮನೆಗೆ ತಕ್ಕೊಂಡು ಹೋಗ್ಲಿಕ್ಕೂ ಧೈರ್ಯ ಬರ್ಲಿಲ್ಲ."

ನಾನು ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಮೇಟ್ರನ್ ಬಂದು ವ್ಯಸನಮುಕ್ತಿ ವಿಭಾಗದ ಮೇಜಿನ ಮೇಲೆ ವಿಸ್ಕಿ ಬಾಟಲಿ ನೋಡಿ ನಿಂತರು. ಅದಕ್ಕೆ ನಾನು ಲಿಖಿತ ವಿವರಣೆ ಕೊಡಬೇಕಾಯಿತು. ಮಾಸ್ಟರ್ ಕೈಯಿಂದಲೇ ಸಿಂಕಿಗೆ ಸುರಿಸಿ ಧಣಿಗಳಿಗೆ ಫೋನ್ ಮಾಡಿದೆ.

"ಹದಿನಾಲ್ಕು ವರ್ಷದ ಪದ್ಧತಿ ಮಾರಾಯ್ರೆ. ಈ ಸಲ ಅಷ್ಟು ಕಷ್ಟಪಟ್ಟಿದ್ದಾನೆ ಅಂತ ಒಳ್ಳೇದೇ ತರಿಸಿದೆ" ಎಂದರು.

ಇಂಥ ಮನುಷ್ಯನಿಗೆ ಏನು ಹೇಳಬೇಕು? ಹೇಳಿದೆ, ಅರ್ಧ ಗಂಟೆ. ಅವರು ಕೊನೆಗೆ ಸಣ್ಣ ಧ್ವನಿಯಲ್ಲಿ, "ನನಗೆ ಯಾರೂ ಹೇಳ್ಲಿಲ್ಲ ಸಿಸ್ಟರ್" ಎಂದರು. ನಾನು ಹೇಳಿದ್ದನ್ನು ಅವರು ಕೇಳಿಸಿಕೊಂಡಿರಲಿಲ್ಲ, ಆದರೆ ಜಗಳ ಆಡುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಗಣಪತಿ ಹೋಯಿತು, ದಸರಾ, ದೀಪಾವಳಿ ಹೋದವು. ವಾರ ತಪ್ಪದೆ ಬಂದ. ಸಂಕ್ರಾಂತಿಯ ನಂತರ ಮೂರು ವಾರ ಬರಲಿಲ್ಲ. ಫೋನ್ ಬಂದದ್ದು ಧಣಿಗಳಿಂದ. ಊರಿನಲ್ಲಿ ಅಕ್ಕನ ಮಗಳ ಮದುವೆಗೆ ಹೋದವನು ಅಲ್ಲಿ ಶುರುಮಾಡಿ, ಬಂದ ಮೇಲೂ ನಿಲ್ಲಿಸಿಲ್ಲವಂತೆ. "ನಿಮ್ಮ ಔಷಧಿ ಎಲ್ಲ ದಂಡ ಆಯ್ತು ಸಿಸ್ಟರ್. ನಾಯಿ ಬಾಲ." ಐದು ತಿಂಗಳು ಕುಡಿಯದೆ ಇದ್ದದ್ದು ಎಲ್ಲೂ ಹೋಗಿಲ್ಲ ಎಂದೆ. ಶುಗರಿನವರಿಗೆ ಮತ್ತೆ ಶುಗರ್ ಏರಿದರೆ ಡಾಕ್ಟರನ್ನು ಬಯ್ಯುತ್ತೀರಾ ಎಂದೆ. ಹೇಳುತ್ತಿದ್ದೆನೇ ಹೊರತು ಒಳಗೆ ನನಗೂ ಸೋತ ಹಾಗಾಗಿತ್ತು. ಇನ್ನು ಅವನು ಶ್ರಾವಣಕ್ಕೆ ಕಾಯುತ್ತಾನೆ, ಶ್ರಾವಣ ಬರುತ್ತದೆ, ಮೂರನೇ ದಿನ ಬರುತ್ತದೆ. ಈ ಸಲ ಯಾವ ಕ್ಯಾಜುವಲ್ಟಿಯೋ ಎಂದುಕೊಂಡೆ.

ಮರುವಾರ, ಒಂದು ಮಂಗಳವಾರ ಬೆಳಿಗ್ಗೆ, ಸಾಲಿನಲ್ಲಿ ನಾಲ್ಕನೆಯವನಾಗಿ ಮಾಸ್ಟರ್ ಕೂತಿದ್ದ. ಹಣೆಯಲ್ಲಿ ಗಂಧ ಇರಲಿಲ್ಲ, ಗಡ್ಡ ಬಂದಿತ್ತು. ಪಕ್ಕದಲ್ಲಿ ಹೆಂಡತಿ, ಕುರ್ಚಿಯಲ್ಲಿ ಕೂತಿ‌ದ್ದಳು. ಅವನ ಸರದಿ ಬಂದಾಗ ನಾನು ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಅವನು ಚೀಲದಿಂದ ಆ ಉದ್ದನೆಯ ಸ್ಟೀಲ್ ಲೋಟ ತೆಗೆದು ಮೇಜಿನ ಮೇಲೆ ಇಟ್ಟ. ಒಳಗೆ ಮೊಳೆಯಿಂದ ಒಂದು ಗೆರೆ ಕೊರೆದಿದ್ದ.

"ಇಷ್ಟರವರೆಗೆ, ದಿನಕ್ಕೆ ಎರಡು. ನಿಜವಾಗಿ ಎರಡು. ಬೆಳಿಗ್ಗೆ ಐದಕ್ಕೆ ಅರ್ಧ ಕುಡಿದೇ ಬಂದದ್ದು. ನಿಲ್ಲಿಸ್ಲಿಲ್ಲ, ನೀವು ಹೇಳಿದ ಹಾಗೆ." ತಲೆ ಎತ್ತಿದ. "ಕ್ಯಾಲೆಂಡರ್ ನೋಡಿದೆ ಸಿಸ್ಟರ್. ಇವತ್ತು ಎಂತದೂ ಇಲ್ಲ, ಹಬ್ಬವೂ ಇಲ್ಲ, ವ್ರತವೂ ಇಲ್ಲ. ಶ್ರಾವಣಕ್ಕೆ ತುಂಬ ದಿನ ಉಂಟು. ಅಲ್ಲಿವರೆಗೆ ಕಾಯುದು ಬೇಡ ಅಂತ ಬಂದೆ. ಬೆಡ್ ಉಂಟಾ?"

ರಿಜಿಸ್ಟರ್ ತಿರುವಿದೆ. ಎಂದಿನ ಹಾಗೆ ಮಂಚ ಇರಲಿಲ್ಲ.

"ಗುರುವಾರ ಬೆಳಿಗ್ಗೆ ಒಂದು ಖಾಲಿ ಆಗ್ತದ. ಅಲ್ಲೀ ತನಕ ಈ ಗೆರಿ ಮಟ್ಟ, ಹೆಚ್ಚೂ ಇಲ್ಲ, ಕಡಿಮಿನೂ ಇಲ್ಲ."

"ಗೊತ್ತುಂಟು" ಎಂದು ಅವನು ಲೋಟವನ್ನು ಚೀಲಕ್ಕೆ ಹಾಕಿಕೊಂಡ.

ಹೆಂಡತಿ ಅಷ್ಟರಲ್ಲಿ ಮೊಬೈಲ್ ತೆಗೆದು ಕಿವಿಗೆ ಇಟ್ಟುಕೊಂಡಿದ್ದಳು. "ಧಣಿಗಳೇ, ಗುರುವಾರ ಅಡ್ಮಿಟ್. ಅಲ್ಲಿವರೆಗೆ ಬಾಟ್ಲಿಯನ್ನು ಯಾರೂ ಮುಟ್ಟುದು ಬೇಡ. ನೀವೂ ಮುಟ್ಟುದು ಬೇಡ."